ಕಾರಿಗೆ ಹಾಕಿದ ಮಣೆ

“ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವುದೇ ಬಿಡುಗಡೆಯಲ್ಲವೇ?”

ಕೇಳಿದವನು ಪಂಚಾಕ್ಷರಿ. ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಈಗ ಬೆಟ್ಟದ ಮೇಲೆ ಒಂದು ಕೋಣೆ ನೋಡಿ ಬಂದಿದ್ದ. ಅಲ್ಲಿ ತಾನೇ ನೀರು ಹೊತ್ತು, ತಾನೇ ಬೇಯಿಸಿಕೊಂಡು ಇರುವುದು ಅವನ ಎಣಿಕೆ. ಮಠದಲ್ಲಿ ಅಡುಗೆಯ ಗೌರಮ್ಮ ಕೇಳದಿದ್ದರೂ ಅವನ ಅನ್ನಕ್ಕೆ ತುಪ್ಪ ಬಡಿಸುತ್ತಿದ್ದಳು. ಆ ತುಪ್ಪವೂ ತನಗೆ ಹೊರೆಯಾಗುತ್ತಿದೆ ಎಂದು ಅವನು ಹೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನ ಹಳೆಯ ಪೇಟೆಬೀದಿಯಲ್ಲಿ ಒಬ್ಬ ವರ್ತಕನಿದ್ದ. ತಾನೇ ದುಡಿದು ಮೇಲೆ ಬಂದವನು. ಬೇರೆ ಮನೆಯ ಒಂದು ಲೋಟ ಸಕ್ಕರೆಯೂ ತನ್ನ ಮನೆಯ ಹೊಸ್ತಿಲು ದಾಟಿಲ್ಲ ಎಂಬುದು ಅವನ ಹೆಮ್ಮೆ. ಕೊಡಬೇಕಾದಲ್ಲಿ ಕೊಡುತ್ತಿದ್ದ, ತೆಗೆದುಕೊಳ್ಳುತ್ತಿರಲಿಲ್ಲ. ಕೆಟ್ಟವನಲ್ಲ. ಎದುರು ಮನೆಯ ಅಜ್ಜಿಯ ಗಂಡ ತೀರಿಕೊಂಡ ದಿನ ಬೀದಿಯಲ್ಲೇ ನಿಂತು ಕೈಮುಗಿದು ಹೋಗಿದ್ದ. ಒಳಗೆ ಹೋದರೆ ಕೂರಬೇಕು, ಕೂತರೆ ಬಳಕೆ ಬೆಳೆಯುತ್ತದೆ ಎಂಬುದು ಅವನ ಲೆಕ್ಕಾಚಾರ.

ಅವನಿಗಿದ್ದದ್ದು ಒಂದೇ ಚಪಲ: ಒಂದು ಸ್ಪೋರ್ಟ್ಸ್ ಕಾರು. ದೂರದ ಒಂದು ರೇಸ್ ಟ್ರ್ಯಾಕನ್ನು ವರ್ಷಕ್ಕೊಮ್ಮೆ ಸಾಮಾನ್ಯರಿಗೂ ತೆರೆಯುತ್ತಿದ್ದರು. ಆ ದಿನಕ್ಕೆ ಅವನು ವರ್ಷವಿಡೀ ಕಾಯುತ್ತಿದ್ದ. ಅಲ್ಲೊಂದು ಉದ್ದನೆಯ ನೇರ ಹಾದಿ. ಅದರಲ್ಲಿ ವೇಗ ಏರಿದಂತೆ ಕಾರಿನ ಮೂತಿ ಹಗುರಾಗುತ್ತಿತ್ತು. ಸ್ಟಿಯರಿಂಗ್ ಕೈಯಲ್ಲಿ ಇದ್ದೂ ಇಲ್ಲದಂತಾಗುತ್ತಿತ್ತು. ಗಾಳಿ ಅಡಿಗೆ ನುಗ್ಗಿ ಎತ್ತುತ್ತಿದೆ ಎಂದು ಅವನಿಗೆ ಗೊತ್ತು. ಪ್ರತಿ ವರ್ಷವೂ ಒಂದೇ ಜಾಗದಲ್ಲಿ ಅವನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತಿತ್ತು. ಒಮ್ಮೆಯಾದರೂ ಅಲ್ಲಿ ಕಾಲು ಎತ್ತದೆ ಹೋಗಬೇಕು. ಈ ಆಸೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಇದಕ್ಕೆ ಮದ್ದು ಸ್ಪ್ಲಿಟರ್. ಬಂಪರಿನ ಅಡಿಯಲ್ಲಿ, ನೆಲಕ್ಕೆ ಸಮವಾಗಿ, ಮುಂದಕ್ಕೆ ಚಾಚಿ ಕೂರುವ ತೆಳು ಹಲಗೆ. ಅದು ಎದುರಿನ ಗಾಳಿಯನ್ನು ಸೀಳುತ್ತದೆ. ಅಡಿಗೆ ನುಗ್ಗುವುದನ್ನು ತಡೆದು, ಮೇಲಿನ ಗಾಳಿಯಿಂದಲೇ ಮೂತಿಯನ್ನು ನೆಲಕ್ಕೆ ಒತ್ತಿಸುತ್ತದೆ. ಅವನ ಕಾರಿಗೆ ಅದು ಕಂಪನಿಯಿಂದ ಬಂದಿರಲಿಲ್ಲ. ಬೇರೆಯವರು ಮಾಡಿದ್ದನ್ನು ತರಿಸಿದ.

ಗ್ಯಾರೇಜಿಗೆ ಒಯ್ಯಲಿಲ್ಲ. ಟ್ರ್ಯಾಕಿಗೆ ಹೋಗುವ ಹಿಂದಿನ ದಿನ ಅಂಗಡಿ ಮುಚ್ಚಿ, ಮನೆಯ ಮುಂದಿನ ಶೆಡ್ಡಿನಲ್ಲಿ ತಾನೇ ಕೆಲಸಕ್ಕೆ ಕೂತ. ಕಾರಿನ ಮೂತಿಯನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಹಲಗೆಯನ್ನು ಎತ್ತಿ ಹಿಡಿಯಲು ಇನ್ನೊಬ್ಬರ ಕೈ ಬೇಕಾಗಿತ್ತು. ಯಾರನ್ನೂ ಕರೆಯಲಿಲ್ಲ. ಹಾಸಿಗೆಯ ದಿಂಬುಗಳನ್ನು ತಂದು ಒಟ್ಟಿ, ಹಲಗೆಯನ್ನು ಅವುಗಳ ಮೇಲಿಟ್ಟು ಬಂಪರಿಗೆ ತಾಗಿಸಿದ. ನಡುವನ್ನು ಗುರುತಿಸಿ ಎರಡು ಬದಿಯನ್ನೂ ಅಳೆದ. ಮತ್ತೊಮ್ಮೆ ಅಳೆದು ಆಮೇಲೆ ತೂತು ಕೊರೆದ. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಹಲಗೆ ಸರಿಯಾಗಿ ಕೂತಿತೆಂದು ಕಂಡ ಮೇಲೆ ಬಿಗಿದ. ಬಂಪರಿನಿಂದ ಹಲಗೆಯ ತುದಿಗೆ ಎರಡು ಸಣ್ಣ ಸರಳುಗಳ ಆಧಾರ ಕೊಟ್ಟ. ಕಾರನ್ನು ಇಳಿಸಿ, ಹಲಗೆಗೂ ನೆಲಕ್ಕೂ ನಡುವೆ ಕೈ ಇಟ್ಟು ನೋಡಿದ. ಎಡಕ್ಕೂ ಬಲಕ್ಕೂ ನಾಲ್ಕೇ ಬೆರಳು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಕೆಲಸ ಚೆನ್ನಾಗಿ ಆಗಿತ್ತು. ಆ ಸಂಜೆ ಅವನು ಎರಡು ತುತ್ತು ಹೆಚ್ಚು ಉಂಡ.

ಬೆಳಿಗ್ಗೆ ಕಾರು ಗೇಟಿಗೆ ಬಂತು. ಆ ಬೀದಿಯ ಮನೆಗಳು ರಸ್ತೆಗಿಂತ ಎತ್ತರ. ಗೇಟಿನಿಂದ ರಸ್ತೆಗೆ, ಚರಂಡಿಯ ಮೇಲೆ, ಗಿಡ್ಡನೆಯ ಕಡಿದಾದ ಇಳಿಜಾರು. ಅರ್ಧ ಇಳಿಯುವಷ್ಟರಲ್ಲಿ ಮುಂದೆ ಕಿರ್ರೆಂದಿತು. ಚಕ್ರ ಇನ್ನೂ ಇಳಿಜಾರಿನ ಮೇಲಿತ್ತು; ಹಲಗೆಯ ತುದಿ ಆಗಲೇ ರಸ್ತೆಗೆ ತಾಗಿತ್ತು. ಅವನು ಬ್ರೇಕ್ ಒತ್ತಿ, ಕಾರನ್ನು ಹಿಂದಕ್ಕೆ ತೆಗೆದ. ಇಳಿದು ನೋಡಿದರೆ ಒಂದು ಗೀರು, ಅಷ್ಟೆ. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಹಲಗೆಯೂ ಬಂಪರೂ ಕಿತ್ತುಬರುತ್ತಿದ್ದವು. ಅವನು ಎಲ್ಲವನ್ನೂ ಸಮನೆಲದ ಮೇಲೆ ಅಳೆದಿದ್ದ. ದಿನವೂ ದಾಟುವ ಗೇಟು ನೆನಪಿಗೆ ಬಂದಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಕಾರಿಗೆ ಮೂಗುತಿ ಚುಚ್ಚಿದಿರಿ. ಈಗ ಅದಕ್ಕೆ ತವರು ಬಿಡಲು ಮನಸ್ಸಿಲ್ಲ,” ಎಂದಳು.

ಹಲಗೆಯನ್ನು ಬಿಚ್ಚಿಟ್ಟು ಹೋಗಬಹುದಿತ್ತು. ಬಿಚ್ಚಿದರೆ ಮತ್ತೆ ಅದೇ ಜಾಗದಲ್ಲಿ ಕಾಲು ಮೇಲೇಳುತ್ತದೆ. ಬಿಚ್ಚದಿದ್ದರೆ ಗೇಟು ದಾಟುವಂತಿಲ್ಲ. ಬಿಸಿಲು ಏರುತ್ತಿತ್ತು. ತಡವಾದರೆ ಟ್ರ್ಯಾಕಿನೊಳಗೆ ಬಿಡುತ್ತಿರಲಿಲ್ಲ. ಮತ್ತೆ ಒಂದು ವರ್ಷ ಕಾಯಬೇಕು.

ಹೆಂಡತಿ ಒಳಗೆ ಹೋಗಿ ಊಟಕ್ಕೆ ಕೂರುವ ಮಣೆಗಳನ್ನು ತಂದಳು. ಹಲಸಿನ ಮರದ ದಪ್ಪ ಮಣೆಗಳು, ಕಾಲಿಲ್ಲದವು. ಇಳಿಜಾರಿನ ಬುಡದಲ್ಲಿ, ಚಕ್ರ ಬರುವ ದಾರಿಯಲ್ಲಿ, ಒಂದರ ಮೇಲೊಂದು ಇಟ್ಟಳು. ಅವನಿಗೆ ಅರ್ಥವಾಯಿತು. ಬುಡದಲ್ಲಿ ಎತ್ತರವಾಗಿ ಒಟ್ಟಿ, ಮುಂದೆ ತಗ್ಗಿಸುತ್ತ ಹೋದರೆ ಇಳಿಜಾರು ರಸ್ತೆಯ ಮೇಲೂ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕಾರು ಮೆಲ್ಲಗೆ ಇಳಿಯುತ್ತದೆ. ಆದರೆ ಮನೆಯಲ್ಲಿದ್ದ ಮಣೆಗಳು ಒಂದು ಬದಿಗೂ ಸಾಲಲಿಲ್ಲ.

ಅವಳು ಪಕ್ಕದ ಮನೆಯತ್ತ ಹೊರಟಳು. ಬೇಡ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಮನೆಯಿಂದ ಮಣೆ ಬಂತು. ಅದರಾಚೆಯ ಮನೆಯಿಂದ ಬಂತು. ಮಣೆಯ ಜೊತೆ ಮಣೆಯವರೂ ಬಂದರು. ಎಲೆ ಹಾಕಲೇ ಎಂದು ಒಬ್ಬರು ಕೇಳಿದರು. ಹೊಸ ಅಳಿಯನಿಗೂ ಇಷ್ಟು ಉಪಚಾರ ಇರುವುದಿಲ್ಲ ಎಂದು ಇನ್ನೊಬ್ಬರು ಅಂದರು. ವರ್ತಕ ತಲೆ ತಗ್ಗಿಸಿ ಮಣೆಗಳನ್ನು ಜೋಡಿಸುತ್ತಿದ್ದ.

ಕೊನೆಗೆ ಒಂದು ಮಣೆ ಕಡಿಮೆ ಬಿತ್ತು. ಎದುರು ಮನೆಯ ಅಜ್ಜಿ ಜಗುಲಿಯಲ್ಲಿ ಕೂತು ನೋಡುತ್ತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಅಡುಗೆಮನೆಯಲ್ಲಿ ಒಂದು ಮಣೆ ಗೋಡೆಗೆ ಒರಗಿ ನಿಂತಿದೆ, ಗಂಡ ಹೋದಂದಿನಿಂದ ಅದನ್ನು ಅವಳು ಯಾರಿಗೂ ಹಾಕಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಆ ಮನೆಯೊಳಗೆ ಹೋಗದ ವರ್ತಕನಿಗೆ ಮಾತ್ರ ಗೊತ್ತಿರಲಿಲ್ಲ. ಅವನು ತಲೆ ಎತ್ತಿ, ಅಜ್ಜಿ, ನಿಮ್ಮಲ್ಲೊಂದು ಮಣೆ ಇದೆಯೇ ಎಂದು ಕೇಳಿಬಿಟ್ಟ.

ಅಜ್ಜಿ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೆಂಡತಿ ಅವನ ಬಳಿ ಬಂದು ವಿಷಯ ಹೇಳಿದಳು. ಬೇಡವೆನ್ನಲು ಅವನು ರಸ್ತೆ ದಾಟುವಷ್ಟರಲ್ಲಿ ಅಜ್ಜಿ ಮಣೆಯನ್ನು ಎದೆಗೆ ಅವಚಿಕೊಂಡು ಹೊರಗೆ ಬಂದಿದ್ದಳು. ಸೆರಗಿನಿಂದ ಅದರ ಧೂಳು ಒರೆಸಿದಳು.

“ಬೇಡ ಅಜ್ಜಿ. ಭಾರಕ್ಕೆ ಸೀಳಿಹೋದೀತು.”

“ನಮ್ಮ ಯಜಮಾನರನ್ನು ಹೊತ್ತ ಮಣೆಯಪ್ಪ ಇದು. ಅವರ ಮುಂದೆ ನಿನ್ನ ಕಾರು ಯಾವ ಲೆಕ್ಕ? ತಗೊಂಡು ಹಾಕು.”

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಅವಳು ನಕ್ಕದ್ದನ್ನು ಬೀದಿಯವರು ನೋಡಿ ಬಹಳ ಕಾಲವಾಗಿತ್ತು.

ಕಾರು ಮಣೆಯಿಂದ ಮಣೆಗೆ ಇಳಿಯಿತು. ಹಲಗೆ ರಸ್ತೆಗೆ ತಾಗಲಿಲ್ಲ. ಮಣೆ ಸೀಳಲಿಲ್ಲ.

ಟ್ರ್ಯಾಕಿನಲ್ಲಿ ಆ ಜಾಗ ಬಂತು. ಮೂತಿ ಹಗುರಾಗಲಿಲ್ಲ. ಸ್ಟಿಯರಿಂಗ್ ಕೈತುಂಬ ಸಿಕ್ಕಿತು. ಕಾಲು ಇದ್ದಲ್ಲೇ ಇತ್ತು. ಅವನು ದಾಟಿಹೋದ. ಇದನ್ನು ಯಾರಿಗಾದರೂ ಹೇಳಬೇಕು ಎಂದು ಅವನಿಗೆ ಆಗ ಅನ್ನಿಸಿತು.

ಸಂಜೆ ಹಿಂದಿರುಗಿದಾಗ ಗೇಟಿನ ಮುಂದೆ ಯಾರೋ ಮಣೆಗಳನ್ನು ಮತ್ತೆ ಜೋಡಿಸಿಟ್ಟಿದ್ದರು. ಕಾರು ಒಳಗೆ ಸೇರಿದ ಮೇಲೆ ಅವನು ಮಣೆಗಳನ್ನು ತೊಳೆದು ಒರೆಸಿ, ತಾನೇ ಮನೆಮನೆಗೆ ಒಯ್ದ. ಹೋದಲ್ಲೆಲ್ಲ ಕೂರಿಸಿಕೊಂಡರು. ಅಜ್ಜಿಯ ಮನೆಗೆ ಕೊನೆಯಲ್ಲಿ ಹೋದ. ಅವಳು ಮಣೆಯನ್ನು ಅವನ ಕೈಯಿಂದ ತೆಗೆದುಕೊಂಡು ನೆಲಕ್ಕೆ ಹಾಕಿ, ಕೂತುಕೋ ಎಂದಳು. ಅವನು ಕೂತ. ಆ ನೇರ ಹಾದಿಯನ್ನು, ಅಲ್ಲಿ ವರ್ಷವರ್ಷವೂ ಹೆದರಿದ್ದನ್ನು, ಈ ಸಲ ಹೆದರದೆ ಹೋದದ್ದನ್ನು ಹೇಳಿದ. ಅವಳಿಗೆ ಅದು ತಲೆಗೆ ಹತ್ತಲಿಲ್ಲ. ಆದರೂ ಪೂರ್ತಿ ಕೇಳಿದಳು, ಎಲೆ ಹಾಕಿ ಬಡಿಸಿದಳು. ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಈಗಲೂ ಆ ಕಾರು ಹೊರಡಬೇಕಾದರೆ ಅವನು ಬೀದಿಯಲ್ಲಿ ಮಣೆ ಕೇಳುತ್ತಾನೆ. ಸಂಜೆ ಹಿಂದಕ್ಕೆ ಕೊಡಲು ಹೋಗುತ್ತಾನೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಂಚಾಕ್ಷರಿಗೆ ಸಮಾಧಾನವಾಗಲಿಲ್ಲ.

“ಗುರುಗಳೇ, ಒಬ್ಬ ಗಾರೆಯವನನ್ನು ಕರೆಸಿದ್ದರೆ ಆ ಇಳಿಜಾರು ಅರ್ಧ ದಿನದಲ್ಲಿ ಸರಿಯಾಗುತ್ತಿತ್ತು. ಆಮೇಲೆ ಅವನು ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ.”

“ಹೌದು,” ಎಂದರು ಗುರುಗಳು, “ಅಜ್ಜಿ ಆ ಮಣೆಯನ್ನು ಮತ್ತೆ ಗೋಡೆಗೆ ಒರಗಿಸುತ್ತಿದ್ದಳು.”