ಬಚ್ಚಲ ಒಲೆಗೆ ಹೋದ ಅಗುಳಿ

ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಪೂಜೆಗಿಂತ ವಾದ ಜಾಸ್ತಿ.

ಆಶ್ರಮದ ಗುರುಗಳು ಶಂಭುಲಿಂಗಯ್ಯ. ಸುತ್ತಲಿನ ಜನಕ್ಕೆ ಅವರು ಬರೀ ಅಜ್ಜಾರು.

ವಾದಕ್ಕೆ ಅಲ್ಲೊಂದು ಪದ್ಧತಿಯಿತ್ತು. ಸಭೆಯ ನಡುವೆ ಎರಡು ಚಾಪೆ. ನಿನ್ನ ಮಾತು ಗೆಲ್ಲಬೇಕೋ, ಮೊದಲು ಎದುರು ಚಾಪೆಯ ಮೇಲೆ ಕೂತು ಎದುರಿನವನ ಮಾತನ್ನು ನೀನೇ ಆಡು. ಅವನು ತಲೆಯಾಡಿಸಿ "ಇದೇ ನನ್ನ ಮಾತು" ಅನ್ನಬೇಕು. ಅನ್ನುವ ತನಕ ನಿನ್ನ ಚಾಪೆಗೆ ಮರಳುವಂತಿಲ್ಲ. ಎಂಥ ಪಂಡಿತನಿಗೂ ಇದರಲ್ಲಿ ರಿಯಾಯಿತಿ ಇರಲಿಲ್ಲ.

ಆ ವರ್ಷ ಸಭೆಗೆ ಹೊಸ ವಿಷಯ ಬಂತು. ನದಿಯ ಮೇಲ್ಗಡೆಯ ಅಣೆಕಟ್ಟಿಗೆ ಒಂದು ಯಂತ್ರ ತರುವವರಿದ್ದರು. ಪೇಪರಿನವರು ಕೃತಕ ಬುದ್ಧಿಮತ್ತೆ ಅನ್ನುತ್ತಾರಲ್ಲ, ಅದು. ಮಳೆ, ಬೆಳೆ, ಒಳಹರಿವು ಎಲ್ಲವನ್ನೂ ತಾನೇ ಲೆಕ್ಕ ಹಾಕಿ, ಗೇಟನ್ನೂ ತಾನೇ ಎತ್ತುತ್ತದಂತೆ. ಅದಕ್ಕೆ ಎಂಥ ಕಟ್ಟಳೆ ಬೇಕು, ಅದು ಯಾರ ಮಾತು ಕೇಳಬೇಕು, ವಿದ್ವಾಂಸರು ಚರ್ಚಿಸಿ ಹೇಳಲಿ ಎಂದು ಸರ್ಕಾರ ಕೇಳಿತ್ತು. ಪರೀಕ್ಷಿಸಿ ನೋಡಲಿ ಎಂದು ಆ ಯಂತ್ರದ ಜೊತೆ ಮಾತಾಡುವ ಪರದೆಯೊಂದನ್ನೂ ಆಶ್ರಮಕ್ಕೆ ಕಳಿಸಿತ್ತು. ಸಭೆ ಒಪ್ಪಿದ್ದೇ ಕಟ್ಟಳೆ.

ಕರಡು ಬರೆಯುವ ಕೆಲಸ ನೀಲಕಂಠನ ಹೆಗಲಿಗೆ ಬಿತ್ತು. ಅಜ್ಜಾರ ಶಿಷ್ಯರಲ್ಲೇ ಚುರುಕಿನವನು. ಹಠಮಾರಿಯೂ ಹೌದು, ಅದನ್ನು ಮುಚ್ಚಿಟ್ಟು ನನಗೇನಾಗಬೇಕು?

ಮೊದಲ ದಿನ ಊರೂರಿನ ಜನ ಬಂದರು. ಗದ್ದಲವೋ ಗದ್ದಲ. ನೀಲಕಂಠನಿಗೆ ತಲೆ ಚಿಟ್ಟು ಹಿಡಿಯಿತು.

ಮರುದಿನ ಅವನು ಸಭಾಮಂಟಪದ ಬಾಗಿಲು ಮುಚ್ಚಿ, ಅಡ್ಡಕ್ಕೆ ಮರದ ಅಗುಳಿ ಹಾಕಿ, ತನ್ನಂಥ ಒಂದಿಷ್ಟು ವಿದ್ವಾಂಸರ ಜೊತೆ ಕೂತ. ಸಂಜೆಯೊಳಗೆ ಕರಡು ತಯಾರಾಯಿತು.

"ಮುಗಿಯಿತು ಗುರುಗಳೇ!" ಎಂದು ಓಡಿಬಂದ.

ಅಜ್ಜಾರು ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದರು.

"ಎದುರು ಚಾಪೆಯಲ್ಲಿ ಕೂತೆಯಾ?"

"ಕೂತೆ."

"ತಲೆಯಾಡಿಸಿದವರು ಯಾರು?"

ನೀಲಕಂಠ ಹೆಮ್ಮೆಯಿಂದಲೇ ಹೇಳಿದ. "ಯಂತ್ರ."

ಅಜ್ಜಾರು ಚೊಂಬು ಕೆಳಗಿಟ್ಟರು.

"ನನ್ನ ಕರಡಿಗೆ ಯಾರ್ಯಾರು ಏನೇನು ಆಕ್ಷೇಪ ಎತ್ತಬಹುದು ಅಂತ ಅದನ್ನೇ ಕೇಳಿದೆ. ಎಲ್ಲ ಹೇಳಿತು. ಆ ಚಾಪೆಯಲ್ಲಿ ಕೂತು ಅದನ್ನೇ ನಾನು ಆಡಿದೆ. ಸರಿಯಾಯಿತಾ ಅಂದರೆ, ಬಹಳ ಸರಿಯಾಯಿತು ಅಂತು. ಹೊಗಳಿತು ಕೂಡ."

"ಅಯ್ಯೋ ಪುಣ್ಯಾತ್ಮ! ಕಟ್ಟಳೆ ಯಾರಿಗೆ ಹಾಕಬೇಕೋ ಅವರನ್ನೇ ಕೇಳಿ ಬಂದೆಯಾ?"

"ಅದಕ್ಕೆ ತನ್ನವರು ಪರರು ಅಂತಿಲ್ಲ ಗುರುಗಳೇ."

"ಗೇಟು ಹೊತ್ತಲ್ಲದ ಹೊತ್ತಿನಲ್ಲಿ ಎದ್ದರೆ ಯಂತ್ರ ಮುಳುಗುತ್ತದಾ?"

"ಇಲ್ಲ."

"ಮತ್ತೆ ಮುಳುಗುವವರು ಯಾರು?"

"ಕೆಳಗಿನ ಕಡವಿನ ಹರಿಗೋಲಿನವರು." ನೀಲಕಂಠನ ದನಿ ಇಳಿಯಿತು.

"ಅವರು ಬಂದಿದ್ದರಾ?"

"ನಿನ್ನೆ ಒಬ್ಬಾಕೆ ಬಂದಿದ್ದಳು. ಹುಲಿಗೆವ್ವ ಅಂತ. ಗಂಡ ಜನರನ್ನು ಹರಿಗೋಲಿನಲ್ಲಿ ದಾಟಿಸುತ್ತಾನಂತೆ. ಇವತ್ತೂ ಬಂದಳು. ಬಾಗಿಲು ಬಡಿದಳು. ನಾನು ತೆರೆಯಲಿಲ್ಲ. ಮತ್ತೆ ಗದ್ದಲ ಆಗುತ್ತದೆ ಅಂತ..."

ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು.

ಅವರು ನೇರ ಸಭಾಮಂಟಪಕ್ಕೆ ಹೋದರು. ಅಗುಳಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಬಚ್ಚಲಮನೆಯ ಕಡೆ ನಡೆದರು. ಮಂಡಿನೋವಿನ ಮುದುಕರು, ಆದರೂ ಕೈಚಾಚಿದ ಯಾರಿಗೂ ಅದನ್ನು ಕೊಡಲಿಲ್ಲ. ನೀರೊಲೆಯೊಳಗೆ ತುರುಕಿಬಿಟ್ಟರು.

"ಗುರುಗಳೇ, ಅದು ತೇಗದ್ದು!"

"ಹಾಗಾದರೆ ಚೆನ್ನಾಗಿ ಉರಿಯುತ್ತದೆ," ಎಂದು ಅಜ್ಜಾರು ಸ್ನಾನಕ್ಕೆ ಹೋದರು.

ಬೆಳಿಗ್ಗೆ ನೀಲಕಂಠ ತಾನೇ ಕಡವಿಗೆ ಹೋಗಿ ಹುಲಿಗೆವ್ವನನ್ನು ಕರೆತಂದ. ಆಕೆ ಮಂಟಪದ ಕಂಬಕ್ಕೆ ಒರಗಿ ನಿಂತಳು. ಅವನು ಎದುರು ಚಾಪೆಯಲ್ಲಿ ಕೂತ.

"ನಾನು ಹುಲಿಗೆವ್ವ," ಎಂದು ಶುರುಮಾಡಿದ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. "ಯಂತ್ರ ತಪ್ಪು ಮಾಡೀತು ಅಂತ ನನಗೆ ಭಯ."

"ಅಲ್ರೀ," ಅಂದಳು ಹುಲಿಗೆವ್ವ. "ಮನಷ್ಯಾರೂ ತಪ್ಪು ಮಾಡ್ತಾರ."

"ನಾನು ಹುಲಿಗೆವ್ವ. ನನಗೆ ಹಳೆಯದೇ ಚೆಂದ. ಹೊಸದು ಯಾವುದೂ ಬೇಡ."

"ಅದೂ ಅಲ್ರೀ. ನನ್ನ ಕಡೆನೂ ಮೊಬೈಲ್ ಐತಿ."

ಸಭೆಗೆ ಸಭೆಯೇ ನಕ್ಕಿತು. ನೀಲಕಂಠನ ಕಿವಿ ಕೆಂಪಾದವು.

ಹಿರಿಯ ವಿದ್ವಾಂಸರೊಬ್ಬರು ಎದ್ದು ನಿಂತರು. "ಸಾಕಪ್ಪ. ಆಕೆ ಒಪ್ಪಿದಳು ಅಂತ ಇಟ್ಟುಕೊಂಡು ಮುಂದೆ ಹೋಗೋಣ. ಕರಡು ಇವತ್ತೇ ಹೋಗಬೇಕು."

ನೀಲಕಂಠ ಅಜ್ಜಾರ ಕಡೆ ನೋಡಿದ. ಅವರು ಬಾಗಿಲಾಚೆ ಹರಿಯುವ ನದಿಯನ್ನು ನೋಡುತ್ತಿದ್ದರು. ಇವನ ಕಡೆ ತಿರುಗಲೇ ಇಲ್ಲ.

"ಇಲ್ಲ," ಅಂದ ನೀಲಕಂಠ. "ಆಕೆ ತಲೆಯಾಡಿಸುವ ತನಕ ನಾನು ಈ ಚಾಪೆ ಬಿಟ್ಟು ಏಳುವುದಿಲ್ಲ."

ಹಠಮಾರಿ ಅಂದೆನಲ್ಲ. ಆ ಹಠ ಈಗ ಕೆಲಸಕ್ಕೆ ಬಂತು.

ಅವನು ಹುಲಿಗೆವ್ವನ ಕಡೆ ತಿರುಗಿದ. "ಅವ್ವಾ, ನನಗೆ ಗೊತ್ತಾಗುತ್ತಿಲ್ಲ. ಹಿಂದೆ ಯಾವಾಗಾದರೂ ಗೇಟು ಹೇಳದೆ ಕೇಳದೆ ಎದ್ದಿತ್ತಾ?"

"ಎದ್ದಿತ್ತು ತಮ್ಮಾ, ಹೋದ ಮಳಿಗಾಲದಾಗ. ಗೇಟಿನ ಫಕೀರಪ್ಪ ಸುಮ್ಮನ ಎತ್ತಿಬಿಟ್ಟ. ನಡು ನೀರಾಗ ಹರಿಗೋಲು ಮಗಚಿತು. ನನ್ನ ಗಂಡ ಬಂಡಿಗಲ್ಲು ಹಿಡಕೊಂಡು ಉಳದ."

"ಆಮೇಲೆ?"

"ಆಮ್ಯಾಲೇನು, ಫಕೀರಪ್ಪನ ಮನಿ ಬಾಗಲಿಗೆ ಹೋಗಿ ನಿಂತೆ. ಯಾಕ ಎತ್ತಿದಿ ಹೇಳು ಅಂದೆ. ಓಣಿ ಮಂದಿಯೆಲ್ಲ ಕೂಡಿತು. ತಲಿ ತಗ್ಗಿಸಿ ನಿಂತ. ಈಗ ಕಡವಿನ ಕಡೆ ಒಮ್ಮೆ ನೋಡದ ಗೇಟು ಮುಟ್ಟಂಗಿಲ್ಲ ಅಂವ."

ಮುಚ್ಚಿದ ಬಾಗಿಲನ್ನು ಆಚೆಯಿಂದ ಬಡಿದ ಸದ್ದು ನೀಲಕಂಠನಿಗೆ ಈಗ ಸರಿಯಾಗಿ ಕೇಳಿಸಿತು. ನಾಚಿಕೆಯಾಯಿತು. ತಲೆ ತಗ್ಗಿಸಿಯೇ ಮಾತಾಡಿದ.

"ನಾನು ಹುಲಿಗೆವ್ವ. ತಪ್ಪಾದರೆ ತಡೆದುಕೊಂಡೇನು. ಆದರೆ ಯಾಕೆ ಹೀಗೆ ಮಾಡಿದೆ ಅಂತ ಕೇಳುವುದಕ್ಕೆ ನನಗೊಂದು ಬಾಗಿಲು ಬೇಕು. ಈ ಯಂತ್ರದ ಮನೆ ಎಲ್ಲಿದೆ? ನನ್ನ ಗಂಡ ನೀರಿನಿಂದ ಎದ್ದು ಬರದೇ ಹೋದರೆ ನಾನು ಯಾರ ಮುಂದೆ ಹೋಗಿ ನಿಲ್ಲಲಿ? ನಿನ್ನೆ ಒಂದು ಬಾಗಿಲಿಗೆ ಬಂದಿದ್ದೆ. ಅದನ್ನೂ ತೆರೆಯಲಿಲ್ಲ."

ಈಗ ಯಾರೂ ನಗಲಿಲ್ಲ.

ಹುಲಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಲೆಯಾಡಿಸಿದಳು.

"ಹೌದು ತಮ್ಮಾ. ಇದ ನನ್ನ ಮಾತು."

ನೀಲಕಂಠ ಎದ್ದು ತನ್ನ ಚಾಪೆಗೆ ಬಂದು ಕೂತ. ಆಕೆಗೆ ಕೊಡಬೇಕಾದ ಉತ್ತರಕ್ಕಾಗಿ ಕರಡಿನ ಹಾಳೆಗಳನ್ನು ತಿರುವಿದ. ಮತ್ತೆ ತಿರುವಿದ.

"ಇದರಲ್ಲಿ ಉತ್ತರ ಇಲ್ಲ," ಅಂದ. "ಮೊದಲಿನಿಂದ ಬರೆಯೋಣ. ಎಲ್ಲರೂ ಕೂತುಕೊಳ್ಳಿ."

ಕೂತರು. ಹಿರಿಯ ವಿದ್ವಾಂಸರೂ ಗೊಣಗುತ್ತ ಕೂತರು. ದಿನವಿಡೀ ಬಾಗಿಲು ತೆರೆದೇ ಇತ್ತು. ಬರುವವರು ಬಂದರು, ಬೈಯುವವರು ಬೈದರು, ನಡುವೆ ಒಂದು ನಾಯಿಯೂ ಒಳಗೆ ಬಂದು ಮಲಗಿತು. ನೀಲಕಂಠ ಒಂದು ಚಾಪೆಯಿಂದ ಇನ್ನೊಂದಕ್ಕೆ ಓಡಾಡಿ ಸುಸ್ತಾದ, ಆದರೂ ಬಿಡಲಿಲ್ಲ.

ಹೊತ್ತು ಇಳಿಯುವಾಗ ಹೊಸ ಕಟ್ಟಳೆ ಮೂಡಿತು. ಯಂತ್ರ ಲೆಕ್ಕ ಹಾಕಿ ಸಲಹೆ ಕೊಡಲಿ. ಗೇಟು ಎತ್ತುವುದು ಮಾತ್ರ ಮನುಷ್ಯನ ಕೈ. ಎತ್ತುವವನು ಯಾರು, ಅವನ ಮನೆ ಎಲ್ಲಿ ಎಂಬುದು ಕಡವಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಯಾಕೆ ಎತ್ತಿದೆ ಅಂತ ಯಾರೇ ಬಂದು ಕೇಳಲಿ, ಯಂತ್ರ ಹೇಳಿತು ಅಂದರೆ ಅದು ಉತ್ತರವಲ್ಲ.

"ಎತ್ತೋ ಮುಂಚೆ ಕಡವಿನ ಕಡೆ ನೋಡಬೇಕು ಅಂತನೂ ಬರೀರಿ," ಅಂದಳು ಹುಲಿಗೆವ್ವ. ಅದನ್ನೂ ಬರೆದರು.

ಜನ ಮನೆಗೆ ಹೊರಟರು. ನೀಲಕಂಠನಿಗೆ ಹೊಟ್ಟೆ ತುಂಬಾ ಉಂಡಷ್ಟು ಸಮಾಧಾನ. ರೂಢಿಯಂತೆ ಬಾಗಿಲು ಎಳೆದ, ಅಗುಳಿಗೆ ಕೈ ಹಾಕಿದ. ಕೈಗೆ ಏನೂ ಸಿಗಲಿಲ್ಲ.

"ಗುರುಗಳೇ, ವಿಷಯ ಅಂತೂ ಮುಗಿಯಿತು," ಅಂದ. "ಇನ್ನು ಹೊಸ ಅಗುಳಿ ಮಾಡಿಸಲಾ?"

"ಮಾಡಿಸು," ಅಂದರು ಅಜ್ಜಾರು. "ನಾಳೆಯೂ ಸ್ನಾನಕ್ಕೆ ನೀರು ಕಾಯಿಸಬೇಕಲ್ಲ."