ನೀಲಿ ಟ್ರ್ಯಾಕ್ಟರ್ ಕೊಟ್ಟದ್ದು

ರುದ್ರಾಂಬಮ್ಮನವರ ಷೆಡ್ಡಿನಲ್ಲಿ ಒಂದೇ ಮಾದರಿಯ ಎರಡು ಹಳೆಯ ಟ್ರ್ಯಾಕ್ಟರುಗಳಿದ್ದವು. ಕೆಂಪು ಬಣ್ಣದ್ದು ಹೊಲ ಉಳುತ್ತಿತ್ತು. ನೀಲಿಯದು ಮುಂದಿನ ಅಚ್ಚು ಮುರಿದು ಇಟ್ಟಿಗೆಗಳ ಮೇಲೆ ನಿಂತಿತ್ತು. ಕೆಂಪಿನದು ಏನು ಸವೆದರೂ ಮೆಕ್ಯಾನಿಕ್ ಮೌಲಾಸಾಬ ನೀಲಿಯದನ್ನು ಬಿಚ್ಚಿ ಅದಕ್ಕೆ ಜೋಡಿಸುತ್ತಿದ್ದ. ಬೋಲ್ಟುಗಳು ಕಳೆಯಬಾರದೆಂದು ಸವೆದದ್ದನ್ನು ನೀಲಿಯ ಖಾಲಿ ಜಾಗದಲ್ಲೇ ಕೂರಿಸಿ ಬಿಗಿಯುತ್ತಿದ್ದ.

“ಇವತ್ತೇನು ಕೊಡುತ್ತೀ, ಅಕ್ಕ?” ಎಂದು ಕೆಂಪು ಪ್ರತಿಸಲ ಹಂಗಿಸುತ್ತಿತ್ತು.

“ಬೇಕಾದ್ದು ತಗೋ, ತಂಗಿ. ನಿನ್ನದೂ ನನ್ನ ಹತ್ತಿರ ಬರುತ್ತಿದೆಯಲ್ಲ,” ಎನ್ನುತ್ತಿತ್ತು ನೀಲಿ.

ಮೊದಲು ಡೀಸೆಲ್ ಪಂಪು ಬದಲಾಯಿತು, ಆಮೇಲೆ ಗೇರ್ ಬಾಕ್ಸು, ಕೊನೆಗೆ ಎಂಜಿನ್ನು. ಆ ದಿನ ಎಚ್ಚರವಾದಾಗ ಕೆಂಪಿಗೆ ತನ್ನ ಕೆಳಗೆ ಇಟ್ಟಿಗೆಗಳು ತಗುಲಿದವು. ಎದುರಿಗೆ ಕೆಂಪು ಬಾನೆಟ್ಟೊಂದು ಹೊಳೆಯುತ್ತಿತ್ತು.

ಗುಜರಿಯವನ ಲಾರಿ ಬಂತು. “ಯಾವುದನ್ನು ಒಯ್ಯಲಿ, ಅಮ್ಮಾ?”

“ನೀಲಿಯದನ್ನು ಒಯ್ಯಪ್ಪ. ಕೆಂಪು ನಮ್ಮ ಮನೆಯ ಜೀವ, ಅದನ್ನು ಕೊಡುವುದಿಲ್ಲ,” ಎಂದರು ರುದ್ರಾಂಬಮ್ಮ.

“ಅಮ್ಮಾ, ನಾನಿಲ್ಲಿದ್ದೇನೆ! ಅದು ಬರೀ ನನ್ನ ತಗಡು!” ಎಂದು ಕೆಂಪು ಲಾರಿಯ ಮೇಲಿಂದ ಕೂಗಿತು. ಕೆಳಗಿದ್ದವರಿಗೆ ಕಬ್ಬಿಣದ ಗಡಗಡ ಸದ್ದಷ್ಟೇ ಕೇಳಿಸಿತು.

ಲಾರಿ ಹೋದ ಮೇಲೆ ರುದ್ರಾಂಬಮ್ಮ ಸೀಟು ಹತ್ತಿ ಕೀಲಿ ತಿರುಗಿಸಿದರು. ಟ್ರ್ಯಾಕ್ಟರು ಒಂದೇ ಸಲಕ್ಕೆ ಚಾಲೂ ಆಯಿತು. ಅವರು ಹೆಮ್ಮೆಯಿಂದ ಅದರ ಬಾನೆಟ್ಟು ಸವರಿ ಹೇಳಿದರು:

“ನೋಡು ಮೌಲಾಸಾಬ, ಇಷ್ಟು ವರ್ಷವಾದರೂ ನನ್ನ ಕೈಗುರುತು ಮರೆತಿಲ್ಲ ಇದು.”

ಒಳಗಿದ್ದ ನೀಲಿ ಉಸಿರೆತ್ತಲಿಲ್ಲ.