ಯಾವ ಶುಕ್ರವಾರ?

ವೆಂಕೋಬ ಮೇಷ್ಟ್ರು ಸಿನಿಮಾ ಮಾಡುವುದನ್ನು ಬಿಟ್ಟು ಕಾವೇರಿ ದಂಡೆಯ ಒಂದು ಸಣ್ಣ ಮನೆಯಲ್ಲಿದ್ದರು. ಸಿನಿಮಾದವರು ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಭಜನೆಯೂ ಇರಲಿಲ್ಲ, ಪ್ರಸಾದವೂ ಇರಲಿಲ್ಲ. ಹೋದವರಿಗೆ ಒಂದು ಲೋಟ ಕಾಫಿ, ಅದೃಷ್ಟವಿದ್ದರೆ ಜತೆಗೊಂದು ಬೈಗುಳ.

ಒಂದು ಬೆಳಿಗ್ಗೆ ಶಿಷ್ಯ ಬಸವಂತ ಬಂದ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ನಿದ್ದೆಗೆಟ್ಟ ಮುಖ.

ಅವನು ಕೂರುವ ಮೊದಲೇ ಮೇಷ್ಟ್ರು, ತಿಮ್ಮರಾಜುವಿನ ಸಿನಿಮಾ ಭಾರಿ ಓಡುತ್ತಿದೆಯಂತಲ್ಲ ಎಂದರು. ಬಸವಂತನಿಗೆ ಅಷ್ಟು ಸಾಕಾಯಿತು.

ತಿಮ್ಮರಾಜು, ಬಸವಂತ ಇಬ್ಬರೂ ಮೇಷ್ಟ್ರ ಕೈಕೆಳಗೆ ಕೆಲಸ ಕಲಿತವರು. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದವರು. ಈಗ ತಿಮ್ಮರಾಜುವಿನ ಸಿನಿಮಾ ಐದು ಭಾಷೆಗಳಲ್ಲಿ ಬಿಡುಗಡೆಯಾಗಿ, ಊರೂರಲ್ಲಿ ಹೌಸ್‌ಫುಲ್ ಬೋರ್ಡು ತೂಗುತ್ತಿತ್ತು. ಬಸವಂತನ ಸಿನಿಮಾ ಇನ್ನೂ ಚೀಲದಲ್ಲಿತ್ತು.

ಬಸವಂತ ಹೇಳುತ್ತಲೇ ಹೋದ. ಕಥೆ ಬರೆಯುವ ಮೊದಲೇ ಹೀರೋನ ಡೇಟ್ಸ್ ತೆಗೆದುಕೊಂಡರಂತೆ. ಮುಹೂರ್ತದ ದಿನವೇ ಪೋಸ್ಟರ್, ಹೀರೋನ ಹುಟ್ಟುಹಬ್ಬಕ್ಕೆ ಟೀಸರ್, ಒಂದೊಂದು ಹಾಡಿಗೆ ಒಂದೊಂದು ಊರು, ಟ್ರೈಲರ್ ಬಿಡಲು ಕ್ರಿಕೆಟ್ ಮೈದಾನ. ಹಬ್ಬದ ರಜೆ ನೋಡಿ ತಾರೀಖು ಹಿಡಿದು, ಒಳ್ಳೊಳ್ಳೆಯ ಥಿಯೇಟರುಗಳನ್ನೆಲ್ಲ ಮೊದಲೇ ಗುತ್ತಿಗೆ ಹಾಕಿಕೊಂಡರಂತೆ. ಅಭಿಮಾನಿಗಳು ಕಟೌಟಿಗೆ ಸುರಿದ ಹಾಲಿನ ಕ್ಯಾನು ಯಾವ ಡೈರಿಯಿಂದ ಬಂತು, ಯಾರು ಕಳಿಸಿದರು ಎಂಬುದನ್ನೂ ಅವನು ವಿಚಾರಿಸಿಕೊಂಡಿದ್ದ.

ಮೇಷ್ಟ್ರು ಎಲ್ಲ ಕೇಳಿ, ಸಿನಿಮಾ ಹೇಗಿದೆ ಎಂದರು.

ಬಸವಂತ ಅದನ್ನು ನೋಡಿರಲಿಲ್ಲ.

ನೋಡಿಕೊಂಡು ಬಾ, ಆಮೇಲೆ ಮಾತಾಡೋಣ ಎಂದು ಮೇಷ್ಟ್ರು ಒಳಗೆ ಹೋದರು. ಬಸವಂತ ಹಲ್ಲು ಕಚ್ಚಿಕೊಂಡು ಪೇಟೆಗೆ ಹೋಗಿ ಮ್ಯಾಟಿನಿಗೆ ಕೂತ.

ಸಂಜೆ ಬಂದವನು ತಪ್ಪುಗಳ ಮೂಟೆಯನ್ನೇ ಬಿಚ್ಚಿದ. ಮೊದಲರ್ಧ ಎಳೆದಿದ್ದಾರೆ. ಹೀರೋ ಹತ್ತು ಜನರನ್ನು ಹೊಡೆದರೂ ಕ್ರಾಪು ಕೆಡುವುದಿಲ್ಲ. ಮಳೆಯಲ್ಲಿ ಹೊಡೆದಾಟ ಆಗುತ್ತದೆ, ಹಿಂದಿನ ಗೋಡೆ ಒಣಗಿಯೇ ಇದೆ. ಒಂದೊಂದನ್ನು ಹೇಳುವಾಗಲೂ ಅವನ ಮುಖಕ್ಕೆ ಒಂದಿಷ್ಟು ಕಳೆ ಬರುತ್ತಿತ್ತು.

"ಜನ ಏನು ಮಾಡಿದ್ರು?" ಎಂದು ಮೇಷ್ಟ್ರು ಕೇಳಿದರು.

ಬಸವಂತ ಜಗಲಿಯ ಮೇಲೆ ಕುಸಿದು ಕೂತ.

"ಎದ್ದು ನಿಂತ್ರು ಮೇಷ್ಟ್ರೇ. ಒಂದು ಕಡೆ ನಾನೂ ಎದ್ದುಬಿಟ್ಟೆ. ಅದಕ್ಕೇ ಇನ್ನೂ ಹೊಟ್ಟೆ ಉರೀತಿದೆ."

ಮೇಷ್ಟ್ರು ಅವನ ಕೈಗೆ ಕಾಫಿ ಕೊಟ್ಟರು. ಬೆಳಿಗ್ಗೆ ಕೊಟ್ಟಿರಲಿಲ್ಲ.

ಕಾಫಿ ಕುಡಿಯುತ್ತ ಬಸವಂತನಿಗೆ ಧೈರ್ಯ ಬಂತು. ಇಷ್ಟು ದಿನ ಒಳಗೇ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟ.

"ನನಗೆ ಹೇಳಿಕೊಡದೇ ಇರೋದು ಏನಾದ್ರೂ ಅವನಿಗೆ ಹೇಳಿಕೊಟ್ರಾ?"

"ಅವನೂ ಇದೇ ಜಗಲಿ ಮೇಲೆ ಕೂತು ಇದನ್ನೇ ಕೇಳಿದ್ದ."

"ಯಾವಾಗ?"

"ನಿನ್ನ ಮೊದಲ ಸಿನಿಮಾಗೆ ಪ್ರಶಸ್ತಿ ಬಂತಲ್ಲ, ಆವಾಗ."

ಬಸವಂತನಿಗೆ ಎಷ್ಟು ಖುಷಿಯಾಯಿತೆಂದರೆ ಲೋಟ ಕೆಳಗಿಡುವುದನ್ನೇ ಮರೆತ. ತಿಮ್ಮರಾಜು ಹೇಗೆ ಕೇಳಿದ, ಮುಖ ಹೇಗಿತ್ತು, ಅತ್ತನಾ ಎಂದೆಲ್ಲ ವಿಚಾರಿಸಿದ. ಮೇಷ್ಟ್ರು ದೀಪ ಹಾಕಲು ಎದ್ದು ಒಳಗೆ ಹೋದರು. ಖುಷಿ ಲೋಟದ ಕಾಫಿಯಷ್ಟೇ ಬೇಗ ತಣ್ಣಗಾಯಿತು, ಹೊಟ್ಟೆಯುರಿ ಮತ್ತೆ ಶುರುವಾಯಿತು.

ಮಾರನೆಯ ಬೆಳಿಗ್ಗೆ ಅವನು ತಾನು ಬಂದ ಕೆಲಸ ಹೇಳಿದ. ಅವನ ಸಿನಿಮಾ ಸಿದ್ಧವಾಗಿತ್ತು. ತಾಯಿ ಬಿಟ್ಟುಹೋದ ಒಂದೇ ಒಂದು ರೇಷ್ಮೆ ಸೀರೆಗಾಗಿ ಮಾತು ಬಿಟ್ಟ ಅಕ್ಕತಂಗಿಯರ ಕಥೆ. ತಿಮ್ಮರಾಜುವಿನ ಟ್ರೈಲರ್ ಬಂದ ವಾರವೇ ಬಸವಂತ ಅದನ್ನು ಎಡಿಟಿಂಗ್ ಟೇಬಲ್ಲಿಗೆ ವಾಪಸು ಎಳೆದಿದ್ದ. ಸಂತೆಯಲ್ಲೊಂದು ಹೊಡೆದಾಟ ಸೇರಿಸಿದ. ಡೋಲು ಬಾರಿಸುವವರ ದೊಡ್ಡ ತಂಡ ಕರೆಸಿದ. ತಂಗಿಯ ಗಂಡನಿಗೆ ಸ್ಲೋಮೋಷನ್‌ನಲ್ಲಿ ಎಂಟ್ರಿ ಕೊಟ್ಟ.

ನಿರ್ಮಾಪಕರು ಅವತ್ತಿನೊಳಗೆ ಬಿಡುಗಡೆಯ ತಾರೀಖು ಹೇಳು ಎಂದಿದ್ದರು. ಹಿಂದಿನ ಎರಡು ಸಿನಿಮಾ ಥಿಯೇಟರಿನಲ್ಲಿ ನಿಂತಿರಲಿಲ್ಲ. ಇದೂ ಬಿದ್ದರೆ ಮತ್ತೆ ಯಾರೂ ಅವನ ಕೈಗೆ ಕ್ಯಾಮೆರಾ ಕೊಡುವವರಿರಲಿಲ್ಲ.

"ಬರೋ ಶುಕ್ರವಾರ ಅವನ ಎದುರಿಗೇ ಬಿಡ್ಲಾ? ಇಲ್ಲ ಅವನದು ಇಳಿಯೋವರೆಗೂ ಕಾಯ್ಲಾ? ನೀವು ಹೇಳಿದ ಹಾಗೆ ಮಾಡ್ತೀನಿ."

"ತೋರ್ಸು," ಎಂದರು ಮೇಷ್ಟ್ರು.

ಬಸವಂತ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು, ಎದುರಿಗೆ ಎರಡು ಕುರ್ಚಿ ಹಾಕಿದ. ಮೇಷ್ಟ್ರು ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಸ್ಟೂಲಿನ ಆಚೆ ಹಾಕಿದರು. ಬಸವಂತನಿಗೆ ಮುಖ ಮಾಡಿ ಕೂತರು.

"ಮೇಷ್ಟ್ರೇ, ಅಲ್ಲಿಗೆ ಏನೂ ಕಾಣಲ್ಲ."

"ಕಾಣತ್ತೆ, ಹಾಕು."

ಅವರು ಮೊದಲಿಂದಲೂ ಹೀಗೆಯೇ. ತಮ್ಮ ಸಿನಿಮಾ ಬಿಡುಗಡೆಯಾದ ದಿನ ಪರದೆಯ ಪಕ್ಕದ ಬಾಗಿಲಲ್ಲಿ ನಿಂತು, ಪರದೆಗೆ ಬೆನ್ನು ಹಾಕಿ, ಕೂತಿದ್ದ ಜನರ ಮುಖವನ್ನೇ ನೋಡುತ್ತಿದ್ದರು. ಥಿಯೇಟರಿನಲ್ಲಿ ಅವರು ತಮ್ಮ ಸಿನಿಮಾ ನೋಡಿದ್ದನ್ನು ಕಂಡವರಿಲ್ಲ. ಬಸವಂತನೂ ತಿಮ್ಮರಾಜುವೂ ಆ ಭಂಗಿಯನ್ನು ಅಣಕಿಸಿ ನಗುತ್ತಿದ್ದ ಕಾಲವೊಂದಿತ್ತು. ಈಗ ಆ ಕಣ್ಣು ತನ್ನೊಬ್ಬನ ಮೇಲೇ ಬಿದ್ದಾಗ ಬಸವಂತನಿಗೆ ನಗು ಬರಲಿಲ್ಲ.

ಸಿನಿಮಾ ಶುರುವಾಯಿತು. ತಂಗಿಯ ಗಂಡ ನಿಧಾನವಾಗಿ ನಡೆದು ಬಂದ. ಇದಕ್ಕೆ ಜನ ಶಿಳ್ಳೆ ಹಾಕಬಹುದೇ ಎಂದು ಬಸವಂತ ಲೆಕ್ಕ ಹಾಕಿದ. ಡೋಲು ಶುರುವಾಯಿತು. ಸದ್ದು ತಿಮ್ಮರಾಜುವಿನದಕ್ಕಿಂತ ಕಡಿಮೆಯಾಯಿತೇನೋ ಎಂದು ವಾಲ್ಯೂಮ್ ಏರಿಸಿದ. ಹೊಡೆದಾಟದಲ್ಲಿ ಜನ ಹಾರಿ ಬಿದ್ದರು. ಅವನದರಲ್ಲಿ ಇನ್ನೂ ಎತ್ತರಕ್ಕೆ ಹಾರಿದ್ದರು.

ಆಮೇಲೆ ಡೋಲು ನಿಂತಿತು.

ಖಾಲಿ ನಡುಮನೆಯಲ್ಲಿ ತಂಗಿ ಒಬ್ಬಳೇ ಸೀರೆ ಮಡಿಸಲು ಒದ್ದಾಡುತ್ತಿದ್ದಳು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ನೆಲಕ್ಕೆ ಜಾರುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಒಂದೂ ಮಾತಾಡದೆ ಒಳಗೆ ಬಂದು, ಬಗ್ಗಿ, ಜಾರಿದ ಅಂಚನ್ನು ಎತ್ತಿಕೊಂಡಳು. ಇಬ್ಬರೂ ಸೀರೆಯನ್ನು ಬಿಗಿಯಾಗಿ ಎಳೆದು ನಿಂತರು.

ಬಸವಂತ ಈ ದೃಶ್ಯವನ್ನು ಅರ್ಧಕ್ಕೆ ಕತ್ತರಿಸಿದ್ದ. ಅವರು ಮಡಿಸಿ ಮುಗಿಸುವ ಮೊದಲೇ ಡೋಲು ಮತ್ತೆ ಬಡಿಯಿತು.

ಕೊನೆಗೆ ಹೆಸರುಗಳು ಓಡಿ ಮುಗಿದವು. ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ. ಅಷ್ಟರಲ್ಲಿ ಬಸವಂತನ ಫೋನ್ ಬಡಿದುಕೊಂಡಿತು. ನಿರ್ಮಾಪಕರು.

"ಡೋಲು ನಿಂತು ಸದ್ದೇ ಇಲ್ಲದ ಜಾಗ ಒಂದು ಬಂತಲ್ಲ," ಎಂದರು ಮೇಷ್ಟ್ರು. "ಅಲ್ಲಿ ಏನಾಗತ್ತೆ?"

"ಅಕ್ಕ ಬಂದು ಸೀರೆಯ ಇನ್ನೊಂದು ಕಡೆ ಹಿಡ್ಕೋತಾಳೆ."

"ಹೂಂ."

ಫೋನ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಬಸವಂತ ಅದನ್ನು ಕೈಯಲ್ಲಿ ಹಿಡಿದು ನಿಂತ.

"ಯಾವ ಶುಕ್ರವಾರ ಅಂತ ಹೇಳ್ಲಿ ಮೇಷ್ಟ್ರೇ?"

"ಆ ಸೀರೆ ಹಿಡಿದಷ್ಟು ಹೊತ್ತು ನೀನು ನಿನ್ನ ಸಿನಿಮಾ ನೋಡ್ದೆ. ಮಿಕ್ಕಿದ್ದೆಲ್ಲ ತಿಮ್ಮರಾಜುದು ನೋಡ್ತಾ ಕೂತಿದ್ದೆ. ಅದು ಆಗ್ಲೇ ರಿಲೀಸ್ ಆಗಿದೆಯಲ್ಲಪ್ಪ."